ರಕ್ಷಾಪುಟ ಕೀಳಬೇಡಿ

ಮಂಡ್ಯದ ಓದುಗರೊಬ್ಬರ ಪತ್ರ: ‘ಅಜ್ಜಿಯ ಟ್ರಂಕಿನಲ್ಲಿ ಹಳೆಯ ಮಹಿಳಾ ಮಾಸಪತ್ರಿಕೆಯ ಸಂಚಿಕೆಗಳು ಸಿಕ್ಕಿವೆ. ಜಾಹೀರಾತು, ರಕ್ಷಾಪುಟ ತೆಗೆದು ಕಥೆಗಳನ್ನಷ್ಟೇ ಬೈಂಡ್ ಮಾಡಿಸಲೇ? ನಂಜನಗೂಡು ತಿರುಮಲಾಂಬ ಅವರ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಪತ್ರಿಕೆ ಹೊರಡಿಸಬೇಕಾದರೆ ಏನೇನು ಕೆಲಸ ಇರುತ್ತಿತ್ತು?’

ಸಂಪಾದಕರ ಉತ್ತರ:

ದಯವಿಟ್ಟು ರಕ್ಷಾಪುಟ ಕೀಳಬೇಡಿ. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ತಿರುಮಲಾಂಬ ಚಿಕ್ಕ ವಯಸ್ಸಿಗೇ ವಿಧವೆಯಾದರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದರು, ಆಮೇಲೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಪತ್ರಿಕೆಗಳನ್ನು ಹೊರಡಿಸಿದರು. ತೀರಿಕೊಂಡದ್ದು 1982ರಲ್ಲಿ. ಅವರನ್ನು ಕಾದಂಬರಿಕಾರ್ತಿ ಎಂದು ನೆನೆಯುವಷ್ಟು ಪ್ರಕಾಶಕಿ ಎಂದು ನೆನೆಯುವುದಿಲ್ಲ. ಇದು ಅನ್ಯಾಯ. ಕಾಗದದ ಅಂಗಡಿ, ಅಚ್ಚುಕೂಟ, ಅಂಚೆ ಕಚೇರಿ, ಊರೂರಿನ ಚಂದಾದಾರರು, ಇಷ್ಟೂ ಕಡೆ ಲೆಕ್ಕ ಚುಕ್ತಾ ಆಗದೆ ಮುಂದಿನ ತಿಂಗಳ ಸಂಚಿಕೆ ಹೊರಡುವುದಿಲ್ಲ.

ಲೆಕ್ಕವನ್ನೇ ನೋಡಿ. ಡೆಮಿ ಅಷ್ಟಪತ್ರ ಆಕಾರದಲ್ಲಿ, ಅಂದರೆ ದೊಡ್ಡ ಹಾಳೆಯನ್ನು ಮಡಿಸಿ ಎಂಟು ಎಲೆ ಮಾಡಿದಾಗ, ಒಂದು ಹಾಳೆಗೆ 16 ಪುಟ. 32 ಪುಟದ ಪತ್ರಿಕೆಯ 500 ಪ್ರತಿಗೆ 1,000 ಹಾಳೆ, ಅಂದರೆ 500 ಹಾಳೆಯ ಎರಡು ರೀಮು; ಕೆಡುವ ಹಾಳೆಗಳು ಬೇರೆ. ಸಣ್ಣ ಅಚ್ಚುಕೂಟಗಳಲ್ಲಿ 32 ಪುಟಕ್ಕೂ ಒಟ್ಟಿಗೆ ಜೋಡಿಸುವಷ್ಟು ಮೊಳೆ (ಅಚ್ಚಿನ ಲೋಹದ ಅಕ್ಷರ) ಇರುತ್ತಿರಲಿಲ್ಲ. ಮೊದಲ ಫಾರಂ (ಒಟ್ಟಿಗೆ ಅಚ್ಚಿಗೆ ಹೋಗುವ ಪುಟಗಳ ಗುಂಪು) ಅಚ್ಚಾಗಿ, ಮೊಳೆಗಳನ್ನೆಲ್ಲ ಮತ್ತೆ ಆಯಾ ಖಾನೆಗೆ ಹಾಕಿದ ಮೇಲೆಯೇ ಮುಂದಿನದು. ಕರಡು ತಿದ್ದುವವರು ಎರಡು ದಿನ ತಡಮಾಡಿದರೆ ಮೊಳೆ ಅಲ್ಲೇ ಸಿಕ್ಕಿಬಿದ್ದು ಇಡೀ ಸಂಚಿಕೆ ಹಿಂದೆ ಬೀಳುತ್ತಿತ್ತು. ಕನ್ನಡದಲ್ಲಿ ಒತ್ತಕ್ಷರಗಳ ಕಾಟ ಬೇರೆ: ಸಣ್ಣ ಮೊಳೆ, ಬೇಗ ಸವೆಯುತ್ತದೆ, ಜಾರುತ್ತದೆ. ನಿಮ್ಮ ಸಂಚಿಕೆಯಲ್ಲಿ ‘ಅಕ್ಕ’ ಇರಬೇಕಾದಲ್ಲಿ ‘ಅಕ’ ಕಂಡರೆ ಬರೆದವರನ್ನು ದೂರಬೇಡಿ.

ಇಷ್ಟಾಗಿ ದುಡ್ಡು ಕೈಸೇರುತ್ತಿದ್ದದ್ದು ವಿ.ಪಿ. ಮೂಲಕ, ಅಂದರೆ ಹಣ ಕೊಟ್ಟು ಬಿಡಿಸಿಕೊಳ್ಳುವ ಅಂಚೆಯ ಮೂಲಕ. ಅಂಚೆಯವರು ಚಂದಾ ವಸೂಲು ಮಾಡಿ ಪ್ರತಿ ಕೊಡಬೇಕಿತ್ತು, ಹಣ ಆಮೇಲೆ ಪ್ರಕಾಶಕರಿಗೆ ಬರಬೇಕಿತ್ತು. ಮನೆಯವರು ‘ಬೇಡ’ ಅಂದರೆ ಪ್ರತಿ ವಾಪಸ್, ಅಂಚೆ ಖರ್ಚು ನಷ್ಟ. ಹಳೆಯ ಪತ್ರಿಕೆಗಳ ರಕ್ಷಾಪುಟದಲ್ಲಿ ‘ದಯವಿಟ್ಟು ವಿ.ಪಿ. ಹಿಂತಿರುಗಿಸಬೇಡಿ’ ಎಂಬ ವಿನಂತಿ ಕಂಡರೆ, ಆ ಕಷ್ಟ ಅರ್ಥವಾಗುತ್ತದೆ.

ಆದ್ದರಿಂದ ಮೊದಲು ನೋಡಬೇಕಾದ್ದು ಮುದ್ರಕರ, ಪ್ರಕಾಶಕರ ಹೆಸರಿನ ಸಾಲು. ಕೊನೆಯ ಪುಟದ ಅಡಿಯಲ್ಲೋ ರಕ್ಷಾಪುಟದ ಒಳಬದಿಯಲ್ಲೋ ಇರುತ್ತದೆ. ಇಬ್ಬರ ಊರೂ ಬೇರೆ ಬೇರೆಯಾಗಿದ್ದರೆ ಕರಡು ಅಂಚೆಯಲ್ಲಿ ಹೋಗಿಬರುತ್ತಿತ್ತೇನೋ ಎಂದು ಯೋಚಿಸಿ. ಚಂದಾ ದರ, ಜಾಹೀರಾತು ಕೊಟ್ಟ ಅಂಗಡಿಗಳು, ಸುತ್ತುಕಾಗದದ ಮೇಲಿನ ವಿಳಾಸ, ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

ಬೈಂಡಿಂಗ್ ಸದ್ಯಕ್ಕೆ ಬೇಡ; ಅಂಚು ಕತ್ತರಿಸುವಾಗ ಅಕ್ಷರವೂ ಹೋಗುತ್ತದೆ. ತುಕ್ಕು ಹಿಡಿದ ಪಿನ್ನಿನ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಎಳೆಯದೆ ನಿಧಾನವಾಗಿ ತೆಗೆಯಿರಿ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ, ಗೋಂದು ಹಳದಿಗಟ್ಟಿ ಕಾಗದವನ್ನು ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಪುಸ್ತಕವನ್ನು ಪೂರ್ತಿ ಮಲಗಿಸದೆ ಅರ್ಧ ತೆರೆದು, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಪ್ರತಿ ಪುಟದ ಫೋಟೊ ತೆಗೆಯಿರಿ, ಖಾಲಿ ಪುಟವನ್ನೂ ಬಿಡದೆ. ಆ ಫೋಟೊಗಳ ಒಂದು ಪ್ರತಿಯನ್ನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿರುವ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯವರಿಗೆ ತೋರಿಸಿ. ಮೂಲ ಪ್ರತಿಗಳು ನಿಮ್ಮ ಮನೆಯಲ್ಲೇ ಇರಲಿ.