ಒಂದು ಲೀಟರ್ ಎಣ್ಣೆ ಒಂದು ಕೆ.ಜಿ. ಏಕೆ ತೂಗುವುದಿಲ್ಲ?

ಪ್ರಶ್ನೆ: ಮನೆಗೆ ಹೊಸದಾಗಿ ಡಿಜಿಟಲ್ ತಕ್ಕಡಿ ತಂದಿದ್ದೇವೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಇಟ್ಟರೆ 915 ಗ್ರಾಂ ತೋರಿಸಿತು. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ 517 ಗ್ರಾಂ ಬಂತು. ಹಾಲಿಗಿಂತ ಎಣ್ಣೆ ಮಂದವಲ್ಲವೇ, ತೂಕವೂ ಹೆಚ್ಚಿರಬೇಕಲ್ಲವೇ? ಅಂಗಡಿಯಲ್ಲಿ ಮೋಸವೋ, ತಕ್ಕಡಿ ಸರಿಯಿಲ್ಲವೋ?
– ಓದುಗರು, ತಿಪಟೂರು

ಉತ್ತರ: ಅಂಗಡಿಯವರನ್ನು ಬೈಯಬೇಡಿ, ತಕ್ಕಡಿಯನ್ನೂ ವಾಪಸ್ ಕೊಡಬೇಡಿ. ಎರಡು ತೂಕವೂ ಸರಿಯಾಗಿವೆ. ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿಗೇ ಕೆಲವು ಗ್ರಾಂ ಹೋಗುತ್ತದೆ, ಅದನ್ನು ಕಳೆಯಿರಿ.

ಲೀಟರ್ ಎಂದರೆ ಪದಾರ್ಥ ಹಿಡಿಯುವ ಜಾಗ, ಅಂದರೆ ಗಾತ್ರ. ಗ್ರಾಂ ಲೆಕ್ಕ ಕೊಡುವುದು ದ್ರವ್ಯರಾಶಿಯದು. ಒಂದೇ ಸೇರಿನಲ್ಲಿ ಅಕ್ಕಿಯನ್ನೂ ಮಂಡಕ್ಕಿಯನ್ನೂ ಅಳೆದ ಅಜ್ಜಿಯರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಬರುವುದೇ ಸಾಂದ್ರತೆ. ಲೀಟರ್ ಎಂದ ಕೂಡಲೇ ನಮಗೆ ಕೆ.ಜಿ. ನೆನಪಾಗುವುದು ನೀರಿನ ದೆಸೆಯಿಂದ. 1795ರಲ್ಲಿ ಫ್ರಾನ್ಸಿನವರು ಗ್ರಾಂ ಎಂಬ ಅಳತೆಯನ್ನು ನೀರಿನ ಮೇಲೇ ನಿಗದಿ ಮಾಡಿದ್ದರಿಂದ ಒಂದು ಲೀಟರ್ ನೀರು ಹೆಚ್ಚುಕಡಿಮೆ 1,000 ಗ್ರಾಂ ತೂಗುತ್ತದೆ. ಬೇರೆ ಪದಾರ್ಥಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಲೀಟರ್ ಬಾಟಲಿಗೆ ಜೇನುತುಪ್ಪ ತುಂಬಿದರೆ ಸುಮಾರು 1,400 ಗ್ರಾಂ ಹಿಡಿಯುತ್ತದೆ, ಅಡುಗೆ ಎಣ್ಣೆಯಾದರೆ ಸುಮಾರು 910.

ಇನ್ನು ‘ಮಂದ’ದ ವಿಷಯ. ಸುರಿದಾಗ ನಿಧಾನವಾಗಿ ಇಳಿಯುವ ಗುಣಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ತೂಕಕ್ಕೂ ಅದಕ್ಕೂ ನೇರ ನಂಟಿಲ್ಲ. ಎಣ್ಣೆ ನೀರಿಗಿಂತ ಹಗುರ ಎನ್ನಲು ಸಾರಿನ ಮೇಲೆ ತೇಲುವ ಒಗ್ಗರಣೆಯೇ ಸಾಕ್ಷಿ.

ಹಾಲು ನೀರಿಗಿಂತ ಸ್ವಲ್ಪ ಭಾರ. ಅದರಲ್ಲಿ ಕರಗಿರುವ ಸಕ್ಕರೆ, ಪ್ರೋಟೀನು, ಲವಣಗಳಿಂದಾಗಿ ಲೀಟರಿಗೆ ಸುಮಾರು 1,030 ಗ್ರಾಂ ತೂಗುತ್ತದೆ. ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವುದು ಇದನ್ನೇ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ. ಆದರೆ ಕೊಬ್ಬು ಹಗುರವಾದ್ದರಿಂದ ಕೆನೆ ತೆಗೆದರೆ ಅಂಕಿ ಏರುತ್ತದೆ! ಕೆನೆ ತೆಗೆದು ಅಷ್ಟಕ್ಕೆ ತಕ್ಕ ನೀರು ಹಾಕುವ ಜಾಣರಿದ್ದರೆ ಲ್ಯಾಕ್ಟೋಮೀಟರ್ ಒಂದನ್ನೇ ನಂಬಿ ಕೂರುವಂತಿಲ್ಲ. ಕೊಬ್ಬಿನ ಪರೀಕ್ಷೆಯೂ ಬೇಕು.

ನಿಮ್ಮ ಮೋಸದ ಅನುಮಾನ ಮಾತ್ರ ಪೂರ್ತಿ ಸುಳ್ಳಲ್ಲ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 893 ಗ್ರಾಂ ಅಷ್ಟೇ. ಕೆಲವು ಕಂಪನಿಗಳು ಪ್ಯಾಕೆಟ್ ಮೇಲೆ ‘60 ಡಿಗ್ರಿಯಲ್ಲಿ 1 ಲೀಟರ್’ ಎಂದು ಅಚ್ಚುಹಾಕಿ ಈ 26 ಗ್ರಾಂ ಉಳಿಸಿಕೊಳ್ಳುತ್ತಿದ್ದವು. ಅಂಥ ಕಾವಿನಲ್ಲಿ ಎಣ್ಣೆ ಕೊಳ್ಳುವವರು ಯಾರು ಸ್ವಾಮಿ? 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶ ನಮೂದಿಸದೆ ಗಾತ್ರವನ್ನೂ ಅದಕ್ಕೆ ಸರಿಹೊಂದುವ ತೂಕವನ್ನೂ ಮುದ್ರಿಸಿ ಎಂದು ಸೂಚಿಸಿ, 2023ರ ಜನವರಿ 15ರವರೆಗೆ ಗಡುವು ಕೊಟ್ಟಿತು.

ಉಷ್ಣಾಂಶದ ಆಟ ಕೊಬ್ಬರಿ ಎಣ್ಣೆಯಲ್ಲಿ ಕಣ್ಣಿಗೇ ಕಾಣುತ್ತದೆ. ತೆಂಗಿನ ಸೀಮೆಯವರಾದ ನಿಮಗೆ ಹೊಸದೇನಲ್ಲ: ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟಿ ನಡುವೆ ಗುಳಿ ಬಿದ್ದಿರುತ್ತದೆ. ಗಟ್ಟಿಯಾಗುವಾಗ ಅದು ಕುಗ್ಗುತ್ತದೆ. ಒಂದು ಗ್ರಾಮೂ ಎಲ್ಲಿಗೂ ಹೋಗಿಲ್ಲ, ಬೇಕಾದರೆ ತಕ್ಕಡಿಗಿಟ್ಟು ನೋಡಿ. ನೀರಿನದು ಇದಕ್ಕೆ ಉಲ್ಟಾ. ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ, ಹಗುರಾಗಿ ತೇಲುತ್ತದೆ.

ಕೊಳ್ಳುವಾಗ ಗ್ರಾಂ ಲೆಕ್ಕವನ್ನೇ ನೋಡಿ. 910 ಗ್ರಾಮಿನ ಪ್ಯಾಕೆಟ್‌ಗೆ 150 ರೂಪಾಯಿಯಾದರೆ ಕೆ.ಜಿ.ಗೆ ಸುಮಾರು 165 ಬಿತ್ತು. ಲೀಟರ್ ಪ್ಯಾಕೆಟ್ಟಿನಂತೆಯೇ ಕಂಡರೂ ಒಳಗೆ 800 ಅಥವಾ 750 ಗ್ರಾಂ ಮಾತ್ರ ಇರುವವೂ ಬರುತ್ತಿವೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಮುದ್ರಿಸಿದ ತೂಕಕ್ಕಿಂತ ನಿಜವಾಗಿಯೂ ಕಡಿಮೆ ಬಂದರೆ, ಪ್ಯಾಕೆಟ್ ಒಡೆಯದೆ ಹಾಗೇ ಇಟ್ಟುಕೊಂಡು ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.