15 ತಿಂಗಳ ಮಗು, ದಿನಕ್ಕೆ ಒಂದು ಲೀಟರ್ ಹಾಲು: ಊಟ ಎಲ್ಲಿ ಸೇರಬೇಕು?

ನೋಡಮ್ಮ, ಮೊದಲು ಆ ಬಾಟಲಿ ಕಡಿಮೆ ಮಾಡಿ, ಉಳಿದದ್ದು ಆಮೇಲೆ. ನೀವು ಬರೆದಿರೋದು: ಹೆಣ್ಣು ಮಗು, ವರ್ಷ ತುಂಬಿದಾಗ 8.6 ಕೆಜಿ, ಈಗ 15 ತಿಂಗಳಿಗೆ 9.1. ಊಟ ಮುಟ್ಟಲ್ಲ ಅಂತ 200 ಎಂಎಲ್‌ನ ಐದು ಬಾಟಲಿ ಹಾಲು, ಅದರಲ್ಲಿ ಒಂದು ನಡುರಾತ್ರಿ. ನಮ್ಮ ಈ ಗುಂಪಿನಲ್ಲಿ ಇದೇ ತಪ್ಪು ಮತ್ತೆ ಮತ್ತೆ ಕಾಣುತ್ತೆ, ಪ್ರತಿ ಸಲವೂ ಕೆಳಗೆ ಕಾಮೆಂಟುಗಳಲ್ಲಿ ಹಾಲಿಗೆ ಬೆರೆಸುವ ಪೌಡರ್ ಹೆಸರುಗಳ ಸಾಲು ಬೇರೆ. ಲೆಕ್ಕ ಹಾಕಿ: ಒಂದು ಲೀಟರ್ ಹಾಲಿನಲ್ಲಿ ಸುಮಾರು 600ರಿಂದ 650 ಕ್ಯಾಲೊರಿ. ಈ ವಯಸ್ಸಿಗೆ ಇಡೀ ದಿನಕ್ಕೆ ಬೇಕಾಗೋದೇ 900ರ ಆಸುಪಾಸು. ಮೂರರಲ್ಲಿ ಎರಡು ಪಾಲು ಹಾಲಿನಲ್ಲೇ ಮುಗಿದರೆ ಅನ್ನಕ್ಕೆ ಬಾಯಿ ಯಾಕೆ ತೆರೀತಾಳೆ?

ತೂಕದ ವಿಷಯಕ್ಕೆ ಗಾಬರಿ ಬೇಡ. ಮೊದಲ ವರ್ಷದಲ್ಲಿ ಹುಟ್ಟಿದ ತೂಕದ ಮೂರರಷ್ಟು ಆಗುವ ಮಗು ಎರಡನೇ ವರ್ಷ ಪೂರ್ತಿ ಸೇರಿಸಿದರೂ ಏರೋದು ಎರಡು, ಎರಡೂವರೆ ಕೆಜಿ. ತಿಂಗಳಿಗೆ 200 ಗ್ರಾಂ ಆಸುಪಾಸು. ಉದ್ದವೂ ಹಾಗೇ, ಮೊದಲ ವರ್ಷ 25 ಸೆಂ.ಮೀ., ಎರಡನೇ ವರ್ಷ 12. ಬೆಳವಣಿಗೆ ನಿಧಾನ ಆದಾಗ ಹಸಿವೂ ಇಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ 15 ತಿಂಗಳ ಹೆಣ್ಣು ಮಗುವಿಗೆ ನಡುಗೆರೆ 9.6 ಕೆಜಿ, 7.6ಕ್ಕಿಂತ ಕೆಳಗೆ ಹೋದರೆ ಮಾತ್ರ ಕಡಿಮೆ ತೂಕ. ಮೂರು ತಿಂಗಳಲ್ಲಿ ಅರ್ಧ ಕೆಜಿ ಏರಿದ್ದಾಳೆ, ಇನ್ನೇನು ಬೇಕು? ಗುಂಡಗಿದ್ದ ಮಗು ನಡೆಯೋಕೆ ಶುರು ಮಾಡಿದ ಮೇಲೆ ಸಪೂರ ಆಗೋದು ಸಹಜ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸೋದು ಇವತ್ತೇ ಬಿಡಿ.

ನನಗೆ ತೂಕಕ್ಕಿಂತ ಚಿಂತೆ ರಕ್ತದ್ದು. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಮೇಲಾಗಿ ಅದರ ಕ್ಯಾಲ್ಸಿಯಂ ಊಟದಲ್ಲಿರುವ ಕಬ್ಬಿಣ ಹೀರೋದಕ್ಕೂ ಅಡ್ಡಿ. ರಕ್ತ ಕಡಿಮೆ ಆದರೆ ಹಸಿವು ಇನ್ನೂ ಇಳಿಯುತ್ತೆ, ಆಗ ನೀವು ಇನ್ನೂ ಒಂದು ಬಾಟಲಿ ಹಾಲು ಕೊಡ್ತೀರ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂಗೈ ಬಿಳಚಿಕೊಂಡಿದ್ದರೆ, ಮಣ್ಣು, ಗೋಡೆ ಸುಣ್ಣ ತಿಂತಿದ್ದರೆ ಹಿಮೋಗ್ಲೋಬಿನ್ ನೋಡಿಸಿ, 11ಕ್ಕಿಂತ ಕಡಿಮೆ ಬರಬಾರದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, 1 ಎಂಎಲ್. ಹಾಲಿನ ಜೊತೆ ಕೊಟ್ಟು ಹಾಳು ಮಾಡಬೇಡಿ.

ಈಗ ಇಳಿಸುವ ಕ್ರಮ. ಒಂದೇ ದಿನ ನಿಲ್ಲಿಸಬೇಡಿ. ಮೊದಲು ರಾತ್ರಿಯದು: ದಿನಕ್ಕೆ 30 ಎಂಎಲ್ ಕಡಿಮೆ ಮಾಡ್ತಾ ಬನ್ನಿ, ವಾರದಲ್ಲಿ ಸೊನ್ನೆ. ಹಲ್ಲು ಹುಳುಕಾಗೋದಕ್ಕೆ ಮುಖ್ಯ ಕಾರಣವೇ ಆ ನಿದ್ದೆಗಣ್ಣಿನ ಬಾಟಲಿ. ಆಮೇಲೆ ಬೆಳಗ್ಗೆ ಎದ್ದ ಕೂಡಲೇ ಕೊಡುವುದನ್ನ ತಿಂಡಿ ಆದ ಮೇಲಕ್ಕೆ ಸರಿಸಿ. ಮಧ್ಯಾಹ್ನ ಊಟದ ಹಿಂದೆ ಮುಂದೆ ಇರುವ ಎರಡನ್ನ ನಾಲ್ಕು ದಿನಕ್ಕೊಂದರಂತೆ ತೆಗೆಯಿರಿ. ಕೊನೆಗೆ ಉಳಿಯೋದು ದಿನಕ್ಕೆ 400, ಎರಡು ಹೊತ್ತು, ಪುಟ್ಟ ಸ್ಟೀಲ್ ಲೋಟದಲ್ಲಿ. ಮೊಸರು ತಿಂದರೆ ಅದೂ ಈ ಲೆಕ್ಕದೊಳಗೇ. ನೀರು ಬೆರೆಸಬೇಡಿ. ನಂದಿನಿ ನೀಲಿ ಪ್ಯಾಕೆಟ್ 3% ಕೊಬ್ಬಿನದು, ಶುಭಂ 4.5%. ಪ್ರಮಾಣ ಇಳಿಸಿದ ಮೇಲೆ ಶುಭಂ ವಾಸಿ. ಎದೆಹಾಲು ಕುಡಿಸುತ್ತಿದ್ದರೆ ಅದಕ್ಕೆ ಈ ಲೆಕ್ಕ ಹಾಕಬೇಡಿ, ಎರಡು ವರ್ಷದವರೆಗೂ ಧಾರಾಳವಾಗಿ ಕೊಡಿ. ಜ್ವರ, ಭೇದಿ ಇರುವ ವಾರದಲ್ಲಿ ಮಾತ್ರ ಇದನ್ನು ಶುರು ಮಾಡಬೇಡಿ.

ಮೊದಲ ಮೂರು ನಾಲ್ಕು ದಿನ ರಂಪ ಮಾಡ್ತಾಳೆ, ಊಟವೂ ಮಾಡಲ್ಲ. ಅಲ್ಲೇ ಎಲ್ಲರೂ ಸೋಲೋದು, ಅಜ್ಜಿ ಕರಗಿ ಒಂದು ಬಾಟಲಿ ಹಿಡಿಸ್ತಾರೆ. ಹತ್ತು ದಿನ ತಡೀರಿ. ಊಟಗಳ ನಡುವೆ ಎರಡೂವರೆ ಗಂಟೆ ನೀರು ಬಿಟ್ಟು ಏನೂ ಇಲ್ಲ, ಬಿಸ್ಕತ್ತಂತೂ ಇಲ್ಲವೇ ಇಲ್ಲ. ಪಾರ್ಲೆ-ಜಿ ತೂಕದಲ್ಲಿ ಕಾಲು ಭಾಗ ಸಕ್ಕರೆ. ತಟ್ಟೆಗೆ ಮೂರು ನಾಲ್ಕು ಚಮಚವಷ್ಟೇ ಬಡಿಸಿ, ಕೇಳಿದರೆ ಮತ್ತೆ. 20-25 ನಿಮಿಷಕ್ಕೆ ತಟ್ಟೆ ಎತ್ತಿ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡೋದು ನಿಲ್ಲಿಸಿ. ಈ ವಯಸ್ಸಿಗೆ ಮನೆಯವರದೇ ಅನ್ನ, ಬೇಳೆ, ಸೊಪ್ಪು ಕೈಯಲ್ಲಿ ಕಿವುಚಿ, ಖಾರ ಕಡಿಮೆ, ಒಂದು ಚಮಚ ತುಪ್ಪ. ತುಪ್ಪದ ಆ ಒಂದು ಚಮಚವೇ 45 ಕ್ಯಾಲೊರಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು. ಇಡ್ಲಿ, ಬೇಯಿಸಿದ ಕ್ಯಾರೆಟ್ ತುಂಡು ಅವಳ ಕೈಗೇ ಕೊಡಿ, ಚೆಲ್ಲಲಿ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಮಾತ್ರ ಕೊಡಲೇಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತೆ.

ರಾಗಿ ಸರಿ ಒಳ್ಳೆಯದು, ಆದರೆ ಹಾಲಿನಲ್ಲಿ ಕಾಯಿಸಿ ಕೊಟ್ಟು ರಕ್ತ ಆಗುತ್ತೆ ಅಂದುಕೊಳ್ಳಬೇಡಿ. ರಾಗಿ ಕ್ಯಾಲ್ಸಿಯಂಗೆ ಗಟ್ಟಿ, ಅದರಲ್ಲಿನ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತಲ್ಲ. ಮೊಳಕೆ ಕಟ್ಟಿಸಿ ಒಣಗಿಸಿ ಹಿಟ್ಟು ಮಾಡಿಸಿ, ನೀರಲ್ಲಿ ಕಾಯಿಸಿ, ಜೊತೆಗೆ ಸೀಬೆ ಅಥವಾ ಕಿತ್ತಳೆ ಇರಲಿ.

ಮೇಲೆ ಒಬ್ಬರು ಹಸಿವಿನ ಸಿರಪ್ ಹೆಸರು ಹಾಕಿದ್ದಾರೆ. ದಯವಿಟ್ಟು ಆ ಕಾಮೆಂಟ್ ತೆಗೀರಿ. ಅಂಥವುಗಳಲ್ಲಿ ಸಾಮಾನ್ಯವಾಗಿ ಇರೋದು ಸಿಪ್ರೊಹೆಪ್ಟಡಿನ್, ಅಲರ್ಜಿಯ ಔಷಧಿ, ಮಂಪರು ಬರಿಸುತ್ತೆ, ಎರಡು ವರ್ಷದೊಳಗೆ ಕೊಡುವಂಥದ್ದಲ್ಲ. ಬೋರ್ನ್‌ವಿಟಾ ಈ ವಯಸ್ಸಿಗೆ ಬೇಡವೇ ಬೇಡ. ಪೀಡಿಯಾಶೂರ್‌ನಂಥ ಪೋಷಣೆ ಪೌಡರ್ ವೈದ್ಯರು ಕಾರಣ ಹೇಳಿ ಬರೆದುಕೊಟ್ಟರೆ ಮಾತ್ರ.

ಮೊಬೈಲ್ ತೋರಿಸಿ ತಿನ್ನಿಸೋದು ಇನ್ನೊಂದು. ಹೊಟ್ಟೆ ತುಂಬಿದ್ದು ಅವಳಿಗೇ ಗೊತ್ತಾಗಲ್ಲ, ಜೊತೆಗೆ ಮಾತೂ ಹಿಂದೆ ಬೀಳುತ್ತೆ. ಈಗ ಬೆರಳು ತೋರಿಸಿ ಕೇಳಬೇಕು, ಹೆಸರು ಕರೆದರೆ ತಿರುಗಬೇಕು. ಎರಡು ವರ್ಷಕ್ಕೆ ಐವತ್ತರಷ್ಟು ಮಾತು, "ಅಮ್ಮ ಬಾ", "ಹಾಲು ಬೇಡ" ಅಂತ ಎರಡು ಪದ ಕೂಡಿಸಬೇಕು. ಮನೆಯಲ್ಲಿ ಕನ್ನಡ ತುಳು ಎರಡೂ ಇದೆ, ಅದಕ್ಕೇ ತಡ ಅನ್ನೋದು ಸರಿಯಲ್ಲ. ಆಡ್ತಿದ್ದ ಮಾತು ನಿಂತುಹೋದರೆ ಒಂದು ವಾರವೂ ಕಾಯದೆ ಕಿವಿ ಪರೀಕ್ಷೆ, ಮಕ್ಕಳ ವೈದ್ಯರು. ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಕಿವಿ, ಮಾತು ಎರಡರ ಪರೀಕ್ಷೆಯೂ ಒಂದೇ ಕಡೆ ಆಗುತ್ತೆ.

ವಾಕರ್ ಕೇಳಿದವರಿಗೆ: ಬೇಡ, ಕೊಂಡಿದ್ದರೆ ಅಟ್ಟಕ್ಕೆ ಹಾಕಿ. ನಡಿಗೆ ಬೇಗ ಬರಲ್ಲ, ಮೆಟ್ಟಿಲಲ್ಲಿ ಬೀಳೋದು ಹೆಚ್ಚು. ಕೆನಡಾ 2004ರಲ್ಲೇ ನಿಷೇಧಿಸಿದೆ. ಹದಿನೆಂಟು ತಿಂಗಳವರೆಗೆ ನಡಿಗೆಗೆ ಕಾಯಬಹುದು. ಮನೆಯೊಳಗೆ ಬರಿಗಾಲಲ್ಲೇ ಬಿಡಿ.

ತೂಕ ತಿಂಗಳಿಗೆ ಒಮ್ಮೆ, ಅದೇ ಅಂಗನವಾಡಿ ತಕ್ಕಡಿಯಲ್ಲಿ, ಬಟ್ಟೆ ಡೈಪರ್ ತೆಗೆದು. ಗ್ರಾಫಿನಲ್ಲಿ ಅವಳ ತೂಕದ ಗೆರೆ ಎರಡು ಪಟ್ಟಿ ಕೆಳಗಿಳಿದರೆ, ಅಥವಾ ಮೂರು ತಿಂಗಳು ಒಂದಿಷ್ಟೂ ಏರದಿದ್ದರೆ ವೈದ್ಯರ ಹತ್ತಿರ ಹೋಗಿ. ತಾಯಿ ಕಾರ್ಡಿನ ಗುಲಾಬಿ ಗ್ರಾಫ್ ಪುಟದ ಫೋಟೊ ಇಲ್ಲಿ ಹಾಕಿ, ಹೆಸರು ನಂಬರ್ ಮುಚ್ಚಿ. ಹುಟ್ಟಿದಾಗಿನ ತೂಕ ನೀವು ಬರೆದಿಲ್ಲ, ಅದೂ ಬೇಕು.