ಆರ್ಥಿಕ ಹಿಂಜರಿತದ ಕಾಲದಲ್ಲಿ ಸರಕಾರದ ನಿರುದ್ಯೋಗದ ಲೆಕ್ಕವನ್ನು ಎಷ್ಟು ನಂಬಬಹುದು?

ನಿಮ್ಮ ಪ್ರಶ್ನೆ ಇಷ್ಟು: 2020-21ರಲ್ಲಿ ದೇಶದ ಆರ್ಥಿಕತೆಯೇ ಕುಸಿದಿತ್ತು, ಆದರೂ ಸರಕಾರದ ಲೆಕ್ಕದಲ್ಲಿ ನಿರುದ್ಯೋಗ ಹಿಂದಿನ ವರ್ಷಕ್ಕಿಂತ ಕಡಿಮೆ ಇದೆ. ಇದು ಸುಳ್ಳು ಲೆಕ್ಕ ಅಲ್ವಾ?

ಸುಳ್ಳು ಅಂತ ನನಗೆ ಅನಿಸುವುದಿಲ್ಲ. ಆದರೆ ನಿಮಗೆ ಗೊತ್ತಾಗಬೇಕಾದ ಸಂಗತಿಯನ್ನು ಆ ಲೆಕ್ಕ ಅಳೆಯುವುದೇ ಇಲ್ಲ.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಈ ಕಡೆಯಿಂದ ಮಂಗಳೂರಿಗೆ ಹೋಗಿ ದುಡಿಯುವವರು ತುಂಬಾ ಜನ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಪಕ್ಕದ ಮನೆಯ ಹುಡುಗ ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿದ್ದ. ಮೊದಲು ಸಂಬಳ ನಿಂತಿತು, ಆಮೇಲೆ ಕೆಲಸವೂ ಹೋಯಿತು. ಹಾಗಂತ ಅವನೇನು ಸುಮ್ನೆ ಕೂರಲಿಲ್ಲ. ಅಪ್ಪನ ಜೊತೆ ತೋಟಕ್ಕೆ ಇಳಿದ. ನೀರಿನ ಪೈಪು ಬದಲಿಸಿದ, ಬಿದ್ದ ಸೋಗೆ ಎಳೆದು ಹಾಕಿದ, ಮಧ್ಯಾಹ್ನ ಜಗಲಿಯಲ್ಲಿ ಕೂತು ಅಡಿಕೆ ಸುಲಿದ. ಅಲ್ಲಿಯವರೆಗೆ ಅಪ್ಪ ಒಬ್ಬರೇ ಮಾಡುತ್ತಿದ್ದ ಕೆಲಸ ಅದು. ಈಗ ಇಬ್ಬರು ಮಾಡಿದರು. ಅದಕ್ಕೆ ಅಡಿಕೆಯೇನೂ ಜಾಸ್ತಿ ಆಗಲಿಲ್ಲ.

ಇಂಥ ಮನೆಗೆ ಸರ್ವೆಯವರು ಬಂದರೆ "ಕೆಲಸ ಉಂಟಾ ಇಲ್ವಾ" ಅಂತ ಕೇಳಿ ಹೋಗುವುದಿಲ್ಲ. ಕಳೆದ ಏಳು ದಿನ ಯಾರು ಏನು ಮಾಡಿದರು ಅಂತ ದಿನ ದಿನದ್ದು ಕೇಳುತ್ತಾರೆ. ಮನೆಯಲ್ಲಿ ಸಿಕ್ಕಿದವರು ಎಲ್ಲರ ಪರವಾಗಿ ಹೇಳುವುದೂ ಇದೆ. "ಅವ ತೋಟ ನೋಡ್ತಾನೆ" ಅಂತ ಅಪ್ಪ ಅಂದರೆ ಮುಗಿಯಿತು. ವಾರದ ಲೆಕ್ಕದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಅವನು ಉದ್ಯೋಗಿ. ಕೂಲಿ ಸಿಗಬೇಕು ಅಂತಿಲ್ಲ. ಮನೆಯ ತೋಟ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಸಹಾಯ ಮಾಡುವವರಿಗೆ ಬೇರೆ ಒಂದು ಕೋಡೇ ಇದೆ. ನೀವು ನೋಡಿದ ಅಂಕಿ ವರ್ಷದ ಲೆಕ್ಕದ್ದು. ಅದು ಇನ್ನೂ ಸಡಿಲ: ವರ್ಷದಲ್ಲಿ 30 ದಿನ ದುಡಿದಿದ್ದರೂ ಉದ್ಯೋಗಿ ಅಂತ ಬರೆಯಬಹುದು.

ಈಗ ಅಂಕಿ ನೋಡಿ. ದುಡಿಮೆಯ ಲೆಕ್ಕ ತೆಗೆಯುವ ಸರಕಾರದ ಸರ್ವೆ ಪಿಎಲ್‌ಎಫ್‌ಎಸ್ ಪ್ರಕಾರ ನಿರುದ್ಯೋಗ 2018-19ರಲ್ಲಿ ಶೇ. 5.8, 2019-20ರಲ್ಲಿ 4.8, 2020-21ರಲ್ಲಿ 4.2. ಇಷ್ಟೇ ಓದಿದರೆ ಕೊರೊನಾದಿಂದ ಒಳ್ಳೆಯದೇ ಆಯಿತು ಅನ್ನಬೇಕು! ಆದರೆ ಅದೇ ವರದಿಗಳ ಒಳಗೆ ಹೋದರೆ, 2018-19ರಿಂದ 2020-21ಕ್ಕೆ ಬರುವಾಗ ದುಡಿಯುವವರಲ್ಲಿ ಕೃಷಿಯಲ್ಲಿರುವವರ ಪಾಲು ಶೇ. 42.5ರಿಂದ 46.5ಕ್ಕೆ ಏರಿದೆ. ಮನೆಯ ತೋಟ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು ಶೇ. 13.3 ಇದ್ದದ್ದು 17.3 ಆಗಿದೆ. ನಮ್ಮ ಪಕ್ಕದ ಮನೆಯ ಹುಡುಗ ಅಲ್ಲಿದ್ದಾನೆ.

ಪಟ್ಟಣದಲ್ಲಿ ಹೀಗೆ ಮರೆಯಾಗಲು ತೋಟ ಇಲ್ಲ. ಹಾಗಾಗಿ 2020ರ ಏಪ್ರಿಲ್-ಜೂನ್‌ನಲ್ಲಿ ನಗರಗಳ ನಿರುದ್ಯೋಗ ವಾರದ ಲೆಕ್ಕದಲ್ಲಿ ಶೇ. 21ರ ಹತ್ತಿರ ಹೋಯಿತು. ಇದೂ ಸರಕಾರದ್ದೇ ಅಂಕಿ, ಮುಚ್ಚಿಡಲಿಲ್ಲ. ಖಾಸಗಿ ಸಂಸ್ಥೆ ಸಿಎಂಐಇ ಆ ಏಪ್ರಿಲ್‌ಗೆ ಇಡೀ ದೇಶಕ್ಕೆ ಶೇ. 23ಕ್ಕಿಂತ ಜಾಸ್ತಿ ಅಂದಿತ್ತು. ಅವರು ಕೇಳುವುದು ಸರ್ವೆಯ ಆಸುಪಾಸಿನ ದಿನದ ಬಗ್ಗೆ, ಅದಕ್ಕೇ ಪೆಟ್ಟು ಬಿದ್ದ ಕೂಡಲೇ ಅಲ್ಲಿ ಕಾಣುತ್ತದೆ.

ಈ ತೊಂದರೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅದೇ ಏಪ್ರಿಲ್‌ನಲ್ಲಿ ಅಮೆರಿಕ ಶೇ. 14.7 ಅಂತ ಘೋಷಿಸಿತು. ಕೆಲಸ ನಿಂತು ಮನೆಯಲ್ಲಿ ಕೂತವರನ್ನು ಎಷ್ಟೋ ಕಡೆ 'ರಜೆಯಲ್ಲಿರುವ ಉದ್ಯೋಗಿ' ಅಂತ ಬರೆದುಬಿಟ್ಟಿದ್ದೇವೆ, ಸರಿಯಾಗಿ ಬರೆದಿದ್ದರೆ ಇನ್ನೂ ಸುಮಾರು ಐದು ಶೇಕಡಾ ಅಂಶ ಜಾಸ್ತಿ ಆಗುತ್ತಿತ್ತು ಅಂತ ಅವರ ಇಲಾಖೆಯೇ ಒಪ್ಪಿಕೊಂಡಿತು.

ಸರಕಾರದ ಮೇಲೆ ನನಗಿರುವ ದೂರು ಬೇರೆ, ತಡ ಮಾಡುವುದು. ಇದೇ ಸರ್ವೆಯ 2017-18ರ ವರದಿ ತಡೆಹಿಡಿದರು ಅಂತ 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ವರದಿ ಹೊರಗೆ ಬಂದದ್ದು ಚುನಾವಣೆ ಮುಗಿದ ಮೇಲೆ, ಮೇ 31ಕ್ಕೆ. ಪತ್ರಿಕೆಗೆ ಸೋರಿಕೆಯಾಗಿದ್ದ ಶೇ. 6.1 ಅಲ್ಲೂ ಹಾಗೆಯೇ ಇತ್ತು. ಅಂದರೆ ಅಂಕಿ ತಿದ್ದಲಿಲ್ಲ, ತಡೆದಿಟ್ಟರು. 2020-21ರ ವರದಿ ಸಿಕ್ಕಿದ್ದು 2022ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಯಾರಿಗೆ ಬೇಕು? 2025ರ ಮೇ ತಿಂಗಳಿಂದ ತಿಂಗಳು ತಿಂಗಳು ಅಂಕಿ ಕೊಡುತ್ತಿದ್ದಾರೆ, ಅಷ್ಟರ ಮಟ್ಟಿಗೆ ವಾಸಿ.

ಹಾಗಾಗಿ ಹಿಂಜರಿತ ಬಂದಾಗ ಆ ಒಂದು ಶೇಕಡಾವಾರು ಬಿಟ್ಟುಬಿಡಿ. ಸಂಬಳದ ಕೆಲಸದಲ್ಲಿರುವವರ ಪಾಲು ಎಷ್ಟು ಇಳಿಯಿತು, ಮನೆಯ ತೋಟ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು ಎಷ್ಟು ಏರಿದರು, ದಿನಗೂಲಿ ಎಷ್ಟಿದೆ, ಇವನ್ನು ನೋಡಿ. ಎಲ್ಲವೂ ಅದೇ ವರದಿಯ ಕೋಷ್ಟಕಗಳಲ್ಲಿ ಇರುತ್ತವೆ.

"ಕೇರಳದಲ್ಲಿ ಯಾಕೆ ಇಷ್ಟು ಜಾಸ್ತಿ" ಅಂತಲೂ ಕೇಳಿದ್ದೀರಿ. 2023-24ರಲ್ಲಿ ದೇಶಕ್ಕೆ ಶೇ. 3.2 ಇದ್ದರೆ ಕೇರಳಕ್ಕೆ 7.2. ನಮ್ಮಲ್ಲಿ ಡಿಗ್ರಿ ಮುಗಿಸಿ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಾ ಕಾಯುವವರು ಊರು ತುಂಬಾ ಇದ್ದಾರೆ. ಕಾಸರಗೋಡಿನಲ್ಲಿ ಕನ್ನಡ ಗೊತ್ತಿರುವವರಿಗೆ ಅಂತಲೇ ಕೆಲವು ಹುದ್ದೆ ಕರೆಯುತ್ತಾರೆ, ಅದಕ್ಕೂ ಕಾಯುತ್ತಾರೆ. ಗಲ್ಫ್‌ನಿಂದ ಅಣ್ಣ ದುಡ್ಡು ಕಳಿಸಿದರೆ ತಂಗಿ ಎರಡು ವರ್ಷ ಕಾಯಬಹುದು, ಅವಳು ನಿರುದ್ಯೋಗಿ. ಕಾಯಲು ಗತಿಯಿಲ್ಲದವಳು ಮನೆಯಲ್ಲೇ ಬೀಡಿ ಕಟ್ಟುತ್ತಾಳೆ, ಅವಳು ಉದ್ಯೋಗಿ.